ಊದುಕೊಳವೆಯ ತುದಿಯ ದೀಪ

ಸಂಜೆಯಾಗುತ್ತಿದ್ದಂತೆ ಲಾಟೀನಿನ ಬುರುಡೆ ಒರೆಸುವುದು ನಮ್ಮ ಮನೆಯಲ್ಲಿ ಮಕ್ಕಳ ಪಾಲಿನ ಕೆಲಸ. ದೊಡ್ಡವರ ಕೈ ಅದರೊಳಗೆ ಹಿಡಿಸುತ್ತಿರಲಿಲ್ಲ. ಒಲೆಯ ಬೂದಿಯನ್ನು ಹಳೆ ಬಟ್ಟೆಗೆ ಹಚ್ಚಿಕೊಂಡು, ಬುರುಡೆಯೊಳಕ್ಕೆ ಹಾ ಎಂದು ಉಸಿರು ಬಿಟ್ಟು, ಹಿಂದಿನ ರಾತ್ರಿಯ ಮಸಿಯನ್ನೆಲ್ಲ ಉಜ್ಜಿ ತೆಗೆದು, ಬಾಗಿಲ ಬೆಳಕಿಗೆ ಹಿಡಿದು ನೋಡಬೇಕು. ಹಾಗೆ ಹಿಡಿದಾಗ ಗಾಜಿನಲ್ಲಿ ಸಾಸಿವೆ ಗಾತ್ರದ ಗುಳ್ಳೆಯೊಂದು, ಅದರ ಪಕ್ಕದಲ್ಲಿ ನೀರಿನ ಅಲೆಯಂಥ ಗೆರೆಯೊಂದು ಕಾಣುತ್ತಿತ್ತು. ಅದೂ ಕೊಳೆಯೇ ಇರಬೇಕೆಂದು ಉಜ್ಜಿದ್ದೇ ಉಜ್ಜಿದ್ದು. ಗುಳ್ಳೆ ಗಾಜಿನ ಮೈಯೊಳಗೇ ಇತ್ತು. ಕುಲುಮೆಯಲ್ಲಿ ಮೇಲೆದ್ದು ಹೊರಹೋಗಲಾರದೆ ಸಿಕ್ಕಿಬಿದ್ದ ಗಾಳಿ ಅದು ಎಂದು ತಿಳಿದದ್ದು ಬಹಳ ವರ್ಷಗಳ ಮೇಲೆ. ದೀಪ ಹೊತ್ತಿಸಿದರೆ ಆ ಸಾಸಿವೆಯ ನೆರಳು ಗೋಡೆಯ ಮೇಲೆ ಹಣೆಯ ಬೊಟ್ಟಿನಷ್ಟು ದೊಡ್ಡದಾಗಿ ಬೀಳುತ್ತಿತ್ತು.

ಸಣ್ಣ ಸ್ಟುಡಿಯೊಗಳಲ್ಲಿ ಬಾಯಿಂದ ಊದಿ ಮಾಡುವ ದೀಪಗಳ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ನೆರಳು. ಗಾಜಿನ ಹೂದಾನಿ ಮಾಡುವವರಿಗೆ ಇರುವ ಒಂದು ಅನುಕೂಲ ದೀಪ ಮಾಡುವವರಿಗೆ ಇಲ್ಲ. ಹೂದಾನಿಯ ಮೈ ಒಂದು ಕಡೆ ತುಸು ದಪ್ಪಗಾದರೆ ಯಾರಿಗೂ ಗೊತ್ತಾಗುವುದಿಲ್ಲ. ನೀರು, ಹೂವು, ಎಲೆಗಳು ಅದನ್ನು ಮುಚ್ಚಿಬಿಡುತ್ತವೆ. ದೀಪದ ಗಾಜಿನ ಹಿಂದೆ ಬೆಳಕೇ ಕೂತಿರುತ್ತದೆ. ಕೈ ಎಲ್ಲಿ ತಡವರಿಸಿತು, ಎಲ್ಲಿ ಅವಸರ ಮಾಡಿತು, ಕೊಳವೆ ಎಲ್ಲಿ ಅರೆಕ್ಷಣ ತಿರುಗದೆ ನಿಂತಿತು ಎಂಬುದನ್ನೆಲ್ಲ ಅದು ಪ್ರತಿ ಸಂಜೆಯೂ ಹೇಳುತ್ತದೆ.

ಕೆಲಸ ಶುರುವಾಗುವುದು ಹಿಂದಿನ ರಾತ್ರಿಯೇ. ಸಿಲಿಕಾ ಮರಳು, ಸೋಡಾ, ಸುಣ್ಣ ಇವು ಮುಖ್ಯ ಸಾಮಗ್ರಿ. ಹತ್ತರಲ್ಲಿ ಏಳು ಭಾಗದಷ್ಟು ಮರಳೇ. ಮರಳೊಂದನ್ನೇ ಕರಗಿಸಬೇಕೆಂದರೆ ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಸೋಡಾ ಸೇರಿದರೆ ಅದು ಎಷ್ಟೋ ಕಡಿಮೆ ಕಾವಿಗೇ ಒಲಿಯುತ್ತದೆ. ಆದರೆ ಸೋಡಾ ಮಾತ್ರ ಹಾಕಿದರೆ ಬರುವ ಗಾಜು ನೀರಿನಲ್ಲಿ ಕರಗುತ್ತದೆ; ಅದನ್ನು ಗಟ್ಟಿಯಾಗಿ ನಿಲ್ಲಿಸುವುದು ಸುಣ್ಣ. ಮರಳಿನಲ್ಲಿ ಕಬ್ಬಿಣದ ಅಂಶ ಸೋಂಕಿದ್ದರೆ ಗಾಜು ಹಸಿರಾಗುತ್ತದೆ. ಕಿಟಕಿ ಗಾಜನ್ನು ಅಂಚಿನ ಕಡೆಯಿಂದ ನೋಡಿದರೆ ಆ ಹಸಿರು ಈಗಲೂ ಕಾಣುತ್ತದೆ. ದೀಪಕ್ಕೆ ಅದು ಒಗ್ಗದು, ಮನೆಯವರ ಮುಖವೆಲ್ಲ ಕಳೆಗುಂದಿದಂತೆ ತೋರೀತು. ಅದಕ್ಕೇ ಕಬ್ಬಿಣ ಕಡಿಮೆ ಇರುವ ಮರಳನ್ನು ಆರಿಸುತ್ತಾರೆ. ಸಂಜೆ ಮೂಸೆಗೆ ತುಂಬಿದ್ದು ರಾತ್ರಿಯಿಡೀ ಸುಮಾರು 1,300 ಡಿಗ್ರಿಯಲ್ಲಿ ಕರಗಿ, ಗುಳ್ಳೆಗಳೆಲ್ಲ ಮೇಲೆದ್ದು ಹೋದ ಮೇಲೆ, ಬೆಳಿಗ್ಗೆ ಕಾವನ್ನು 1,100ರ ಆಸುಪಾಸಿಗೆ ಇಳಿಸುತ್ತಾರೆ. ಆಗ ಅದು ಕೈಗೆ ಸಿಗುವ ಹದಕ್ಕೆ ಬಂದಿರುತ್ತದೆ.

ಹದ ಎಂಬ ಮಾತು ಇಲ್ಲಿ ತುಂಬ ಮುಖ್ಯ. ಮಂಜುಗಡ್ಡೆ ಸೊನ್ನೆ ಡಿಗ್ರಿಯಲ್ಲಿ ಕರಗುತ್ತದೆ. ಅದರ ಈಚೆ ನೀರು, ಆಚೆ ಕಲ್ಲು. ಗಾಜಿಗೆ ಅಂಥ ಗಡಿ ಇಲ್ಲ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ತೆಳು ರಸ ಜೋನಿಬೆಲ್ಲವಾಗಿ, ಎಳೆಪಾಕವಾಗಿ, ಕೊನೆಗೆ ಅಚ್ಚಿನಲ್ಲಿ ಕೂರುವ ಗಟ್ಟಿಬೆಲ್ಲವಾಗುವವರೆಗೆ ನಡುವೆ ಎಷ್ಟೊಂದು ಹದಗಳು! ಅಲ್ಲಿ ಹದ ತರುವುದು ನೀರು ಆರುವುದರಿಂದ, ಇಲ್ಲಿ ಕಾವು ಇಳಿಯುವುದರಿಂದ. ಗಾಜೂದುವವರ ಕಸುಬೆಲ್ಲ ಈ ನಡುವಿನ ಹದಗಳಲ್ಲೇ ನಡೆಯುತ್ತದೆ. ಕುಲುಮೆಯಿಂದ ಹೊರಬಂದ ಗಾಜು ಅರ್ಧ ನಿಮಿಷದಲ್ಲಿ ಬಿಗಿಯತೊಡಗುತ್ತದೆ. ಮತ್ತೆ ಕಾಸುವ ಒಲೆಯ ಬಾಯಿಗೆ ಒಡ್ಡಿದರೆ ಮೆತ್ತಗಾಗುತ್ತದೆ. ಒಂದು ದೀಪ ಮುಗಿಯುವಷ್ಟರಲ್ಲಿ ಈ ಹೋಗಿಬರುವಿಕೆ ಇಪ್ಪತ್ತು ಸಲವೋ ಮೂವತ್ತು ಸಲವೋ ಆದರೂ ಆಶ್ಚರ್ಯವಿಲ್ಲ.

ಕೊಳವೆ ಎಂದರೆ ಸುಮಾರು ನಾಲ್ಕೂವರೆ ಅಡಿ ಉದ್ದದ ಉಕ್ಕಿನ ನಳಿಗೆ. ಒಲೆ ಊದುವ ಕೊಳವೆ ನಮ್ಮ ಅಡುಗೆಮನೆಗಳಲ್ಲೂ ಇತ್ತು. ಅದೇ ಬಗೆಯ ಸಾಧನದಿಂದ ಕರಗಿದ ಗಾಜಿಗೆ ಉಸಿರು ತುಂಬಬಹುದೆಂದು ಯಾರಿಗೋ ಹೊಳೆದದ್ದು ಕ್ರಿಸ್ತಪೂರ್ವ ಮೊದಲ ಶತಮಾನದಲ್ಲಿ, ಮೆಡಿಟರೇನಿಯನ್ ಸಮುದ್ರದ ಪೂರ್ವ ತೀರದಲ್ಲಿ. ಜೆರುಸಲೇಮಿನ ಹಳೆಯ ಊರಿನ ಉತ್ಖನನದಲ್ಲಿ ಒಂದು ಗಾಜಿನ ಕಾರ್ಖಾನೆಯ ತಿಪ್ಪೆ ಸಿಕ್ಕಿತು. ಅದರಲ್ಲಿ ತುದಿ ಉಬ್ಬಿದ ಗಾಜಿನ ನಳಿಗೆಗಳಿದ್ದವು. ಯಾರೋ ಊದಿ ನೋಡಿ ಬಿಸಾಡಿದ ತುಂಡುಗಳು. ಅದಕ್ಕೂ ಮೊದಲು ಗಾಜಿನ ಪಾತ್ರೆ ಉಳ್ಳವರ ಸ್ವತ್ತು. ಉಸಿರು ಸೇರಿದ ಮೇಲೆ ಒಂದೆರಡು ಪೀಳಿಗೆಗಳಲ್ಲಿ ಅದು ರೋಮನ್ ಸಾಮ್ರಾಜ್ಯದ ಸಾಮಾನ್ಯರ ಮನೆಗೂ ಬಂತು. ಎರಡು ಸಾವಿರ ವರ್ಷಗಳಾದರೂ ಆ ಕೊಳವೆಯ ರೂಪ ಅಷ್ಟೇನೂ ಬದಲಾಗಿಲ್ಲ.

ಕೊಳವೆಯ ತುದಿಯನ್ನು ಮೊದಲು ಕಾಸಿ, ಕುಲುಮೆಯೊಳಗೆ ಇಳಿಬಿಟ್ಟು, ಜೋನಿಬೆಲ್ಲದ ಡಬ್ಬಿಯಲ್ಲಿ ಕಡ್ಡಿ ತಿರುಗಿಸಿದ ಹಾಗೆ ತಿರುಗಿಸಿದರೆ ಗಾಜು ಸುತ್ತಿಕೊಂಡು ಬರುತ್ತದೆ. ಅಲ್ಲಿಂದಾಚೆಗೆ ಕೊಳವೆ ತಿರುಗುತ್ತಲೇ ಇರಬೇಕು. ನಿಲ್ಲಿಸಿದ ಗಳಿಗೆಗೆ ಗಾಜು ನೆಲದ ಕಡೆಗೆ ಜೋತುಬೀಳುತ್ತದೆ. ಹೊಸಬರಿಗೆ ತಿಂಗಳುಗಟ್ಟಲೆ ಕಲಿಸುವುದು ಈ ತಿರುಗಿಸುವುದನ್ನೇ. ಎಡಗೈ ತನ್ನ ಪಾಡಿಗೆ ತಾನು ತಿರುಗಿಸುತ್ತಿರಬೇಕು, ಬಲಗೈಗೆ ಬೇರೆ ಕೆಲಸವಿದೆ. ಕೆಂಡದಂಥ ಆ ಮುದ್ದೆಯನ್ನು ಉಕ್ಕಿನ ಹಲಗೆಯ ಮೇಲೆ ಉರುಳಿಸಿ ಮೇಲ್ಮೈಯನ್ನು ತುಸು ಬಿಗಿಗೊಳಿಸಿದ ಮೇಲೆ ಮೊದಲ ಉಸಿರು. ಇದರಲ್ಲೊಂದು ಚಂದದ ಉಪಾಯವಿದೆ. ಗಟ್ಟಿಯಾಗಿ ಊದಬೇಕಿಲ್ಲ. ಸಣ್ಣದಾಗಿ ಊದಿ, ಕೂಡಲೇ ಕೊಳವೆಯ ಬಾಯಿಗೆ ಹೆಬ್ಬೆರಳು ಒತ್ತಿ ಕಾಯಬೇಕು. ಒಳಗೆ ಸಿಕ್ಕಿಕೊಂಡ ಗಾಳಿ ಗಾಜಿನ ಕಾವಿಗೆ ತಾನಾಗಿಯೇ ಹಿಗ್ಗಿ, ಎರಡು ಮೂರು ಕ್ಷಣಗಳಲ್ಲಿ ಆ ತುದಿಯಲ್ಲಿ ಗುಳ್ಳೆ ಮೂಡುತ್ತದೆ. ಮೊದಲ ಸಲ ಇದನ್ನು ಹತ್ತಿರದಿಂದ ಕಂಡಾಗ ನಾನೂ ಉಸಿರು ಬಿಗಿಹಿಡಿದಿದ್ದೆ.

ಈ ಮೊದಲ ಗುಳ್ಳೆ ನಡುಮಧ್ಯದಲ್ಲಿ ಕೂತರೆ ದೀಪ ಅರ್ಧ ಗೆದ್ದಂತೆ. ಒಂದು ಕೂದಲೆಳೆ ಓರೆಯಾದರೂ ಮುಂದೆ ಅದು ಹಿಗ್ಗುತ್ತಾ ಹಿಗ್ಗುತ್ತಾ ಒಂದು ಮಗ್ಗುಲು ತೆಳುವಾಗಿ ಇನ್ನೊಂದು ಮಗ್ಗುಲು ದಪ್ಪಗೆ ಉಳಿಯುತ್ತದೆ. ಆಮೇಲೆ ಯಾರೂ ಸರಿಮಾಡಲಾರರು. ಗುಳ್ಳೆ ತುಸು ತಣಿದ ಮೇಲೆ ಅದನ್ನು ಮತ್ತೆ ಕುಲುಮೆಯಲ್ಲಿ ಅದ್ದಿ ಎರಡನೆಯ ಸುತ್ತು, ದೊಡ್ಡ ದೀಪಕ್ಕಾದರೆ ಮೂರನೆಯ ಸುತ್ತು ಗಾಜನ್ನು ಹೊದಿಸುತ್ತಾರೆ. ಗುಂಡಗೆ ತರಲು ಚೆರಿ ಮರದ ದೊಡ್ಡ ಸೌಟಿನಂಥ ಅಚ್ಚನ್ನು ಬಳಸುತ್ತಾರೆ. ಅದು ಸದಾ ನೀರಿನಲ್ಲಿ ನೆನೆಯುತ್ತಿರಬೇಕು. ರಾಗಿ ಮುದ್ದೆ ಕಟ್ಟುವಾಗ ಅಂಗೈ ಒದ್ದೆ ಮಾಡಿಕೊಳ್ಳುತ್ತೇವಲ್ಲ, ಹಾಗೆ. ಇಲ್ಲಿ ಆ ನೀರು ಆವಿಯಾಗಿ, ಮರಕ್ಕೂ ಗಾಜಿಗೂ ನಡುವೆ ತೆಳುವಾದ ಮೆತ್ತೆಯಾಗಿ ನಿಲ್ಲುತ್ತದೆ. ಗಾಜು ಆವಿಯ ಮೇಲೆ ಉರುಳುತ್ತದೆಯೇ ಹೊರತು ಮರವನ್ನು ನೇರವಾಗಿ ಸೋಕುವುದಿಲ್ಲ.

ಅಚ್ಚಿನ ಬದಲಿಗೆ ಬಳಸುವ ಇನ್ನೊಂದು ವಸ್ತು ಈಗ ನಿಮ್ಮ ಕೈಯಲ್ಲಿರುವಂಥದ್ದೇ. ದಿನಪತ್ರಿಕೆಯ ಹಲವು ಹಾಳೆಗಳನ್ನು ಅಂಗೈ ಅಗಲಕ್ಕೆ ಮಡಚಿ, ನೀರಿನಲ್ಲಿ ಚೆನ್ನಾಗಿ ನೆನೆಸಿ, ಅದನ್ನು ಬರಿಗೈಯಲ್ಲಿ ಹಿಡಿದು ಕೆಂಪಗೆ ಕಾದ ಗಾಜನ್ನು ಸವರುತ್ತಾರೆ. ಮೇಲಿನ ಹಾಳೆ ಕರಕಲಾಗಿ, ಮೆತ್ತಗಾಗಿ, ಗಾಜಿನ ಮೈಗೆ ನಯವಾಗಿ ಹೊಂದಿಕೊಳ್ಳುತ್ತದೆ. ಸಾವಿರ ಡಿಗ್ರಿ ಹತ್ತಿರದ ಕಾವಿಗೂ ಚರ್ಮಕ್ಕೂ ನಡುವೆ ಇರುವುದು ಒದ್ದೆ ಕಾಗದ ಮಾತ್ರ. ಗಾಜಿನ ದಪ್ಪ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ, ಯಾವ ಮಗ್ಗುಲು ಬೇಗ ಬಿಗಿಯುತ್ತಿದೆ ಎಂಬುದು ಉಪಕರಣಗಳಿಗಿಂತ ಚೆನ್ನಾಗಿ ಈ ಕಾಗದದ ಮೂಲಕ ಅಂಗೈಗೆ ತಿಳಿಯುತ್ತದೆ ಎಂದು ಕಸುಬಿನವರು ಹೇಳುತ್ತಾರೆ. ಪತ್ರಿಕೆಗೆ ಬರೆಯುವ ನನಗೆ ಇದು ತುಂಬ ಹಿಡಿಸಿತು.

ಇನ್ನು ಬೆಳಕಿನ ಮಾತು. ತಿಳಿಗಾಜಿನ ದೀಪದಲ್ಲಿ ಬಲ್ಬು ಕಣ್ಣಿಗೆ ಚುಚ್ಚುತ್ತದೆ. ಅದಕ್ಕೇ ಹಾಲುಗಾಜು ಬಂದದ್ದು. ಗಾಜಿನ ಪಾಕಕ್ಕೆ ಫ್ಲೋರೈಡಿನಂಥ ವಸ್ತು ಸೇರಿಸಿದರೆ, ತಣಿಯುವಾಗ ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಮೂಡುತ್ತವೆ. ಬೆಳಕು ಅವುಗಳಿಗೆ ಬಡಿದು ದಿಕ್ಕಾಪಾಲಾಗಿ ಚೆದರುತ್ತದೆ. ಮಲೆನಾಡಿನ ಮಂಜಿನಲ್ಲಿ ಬಸ್ಸಿನ ದೀಪ ಒಂದು ಚುಕ್ಕೆಯಾಗಿರದೆ ದೊಡ್ಡ ಬಿಳಿ ಉಂಡೆಯಾಗಿ ತೋರುವುದೂ ಇದೇ ಕಾರಣಕ್ಕೆ. ಆದರೆ ಪೂರ್ತಿ ಹಾಲುಗಾಜಿನಲ್ಲೇ ದೀಪ ಮಾಡಿದರೆ ಬೆಳಕಿನ ಬಹುಪಾಲನ್ನು ಅದೇ ನುಂಗಿಬಿಡುತ್ತದೆ. ಹಾಗಾಗಿ ತಿಳಿಗಾಜಿನ ಗುಳ್ಳೆ, ಅದರ ಮೇಲೆ ಕಾಗದದಷ್ಟು ತೆಳುವಾಗಿ ಹಾಲುಗಾಜು, ಮೇಲೆ ಮತ್ತೆ ತಿಳಿಗಾಜು, ಹೀಗೆ ಈರುಳ್ಳಿಯಂತೆ ಪದರ ಪದರವಾಗಿ ಹೊದಿಸುತ್ತಾರೆ. ನನ್ನ ಮಟ್ಟಿಗೆ ದೀಪದ ಕೆಲಸದಲ್ಲಿ ಇದಕ್ಕಿಂತ ಕಷ್ಟದ ಘಟ್ಟ ಇಲ್ಲ. ಆ ನಡುವಿನ ಪದರ ಒಂದು ಕಡೆ ಹಿಗ್ಗಿ ತೆಳುವಾದರೆ, ದೀಪ ಹೊತ್ತಿಸಿದಾಗ ಅಲ್ಲೊಂದು ತೂತು ಬಿದ್ದಂತೆ ಬಲ್ಬು ಇಣುಕುತ್ತದೆ.

ಪದರಗಳು ಒಂದಕ್ಕೊಂದು ಹೊಂದಬೇಕು ಎಂಬುದು ಇನ್ನೊಂದು ಕಟ್ಟಳೆ. ಸ್ಟುಡಿಯೊಗಳಲ್ಲಿ ಬಳಸುವ ಗಾಜು ಮತ್ತು ಬಣ್ಣದ ಕಂಬಿಗಳ ಮೇಲೆ ಸಾಮಾನ್ಯವಾಗಿ 96 ಎಂಬ ಅಂಕಿ ಇರುತ್ತದೆ. ಒಂದು ಡಿಗ್ರಿ ಕಾವು ಏರಿದರೆ ಆ ಗಾಜು ಕೋಟಿಯಲ್ಲಿ 96 ಭಾಗದಷ್ಟು ಹಿಗ್ಗುತ್ತದೆ ಎಂದು ಅರ್ಥ. ಕೋಟಿಯಲ್ಲಿ 96 ಎಂದರೆ ಲೆಕ್ಕಕ್ಕೇ ಇಲ್ಲ ಅನಿಸುತ್ತದೆ. ಆದರೆ ಪಕ್ಕದ ಪದರ ಕೋಟಿಯಲ್ಲಿ 90 ಮಾತ್ರ ಹಿಗ್ಗುವ ಜಾತಿಯದಾದರೆ, ತಣಿಯುವಾಗ ಎರಡೂ ಬೇರೆ ಬೇರೆ ಅಳತೆಗೆ ಕುಗ್ಗಿ ಒಂದನ್ನೊಂದು ಎಳೆದಾಡುತ್ತವೆ. ಆ ದೀಪ ಅಂದೇ ಸೀಳಬಹುದು. ತಿಂಗಳ ಮೇಲೆ, ಯಾರದೋ ಊಟದ ಮೇಜಿನ ಮೇಲೆ ತೂಗುತ್ತಿರುವಾಗಲೂ ಸೀಳಬಹುದು.

ಇಷ್ಟೆಲ್ಲ ಕೆಲಸ ಒಬ್ಬಿಬ್ಬರ ಸಣ್ಣ ಮನೆಯಲ್ಲಿ ನಡೆಯಬಹುದೆಂದು ಅರವತ್ತೈದು ವರ್ಷಗಳ ಹಿಂದೆ ಹೇಳಿದ್ದರೆ ಕಾರ್ಖಾನೆಯವರು ಒಪ್ಪುತ್ತಿರಲಿಲ್ಲ. ಗಾಜೆಂದರೆ ದೊಡ್ಡ ಕುಲುಮೆ, ಹತ್ತಾರು ಆಳು. ಅದನ್ನು ಬದಲಿಸಿದ್ದು ಅಮೆರಿಕದ ಹಾರ್ವೆ ಲಿಟಲ್‌ಟನ್, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕುಂಬಾರಿಕೆ ಕಲಿಸುತ್ತಿದ್ದವರು. ಅವರು ಹುಟ್ಟಿ ಬೆಳೆದದ್ದು ಗಾಜಿನ ಊರಾದ ಕಾರ್ನಿಂಗ್‌ನಲ್ಲಿ. ತಂದೆ ಅಲ್ಲಿನ ಗಾಜಿನ ಕಂಪನಿಯ ಭೌತವಿಜ್ಞಾನಿ. ತಾಯಿ 1913ರಲ್ಲಿ, ಗಂಡ ತಂದುಕೊಟ್ಟ ಬ್ಯಾಟರಿ ಜಾಡಿಯ ಕೊಯ್ದ ತಳದಲ್ಲಿ ಕೇಕ್ ಬೇಯಿಸಿ ನೋಡಿದ್ದರಿಂದಲೇ ಮುಂದೆ ಪೈರೆಕ್ಸ್ ಪಾತ್ರೆಗಳು ಬಂದವು. 1962ರ ಮಾರ್ಚ್‌ನಲ್ಲಿ ಒಹಾಯೊದ ಟೊಲಿಡೊ ಕಲಾ ಸಂಗ್ರಹಾಲಯದ ಆವರಣದ ಒಂದು ಶೆಡ್ಡಿನಲ್ಲಿ ಲಿಟಲ್‌ಟನ್ ಸಣ್ಣ ಕುಲುಮೆ ಹೂಡಿ ಕೆಲವರನ್ನು ಸೇರಿಸಿದರು. ಮೊದಲ ಪಾಕ ಕೆಟ್ಟಿತು. ಆಗ ಡಾಮಿನಿಕ್ ಲಬೀನೊ ಎಂಬ ಗಾಜಿನ ತಂತ್ರಜ್ಞ ಕುಲುಮೆಯನ್ನು ತಿದ್ದಿಸಿ, ಫೈಬರ್‌ಗ್ಲಾಸ್ ತಯಾರಿಕೆಗೆಂದು ಇದ್ದ ಗೋಲಿಗಳನ್ನು ಕರಗಿಸಲು ಕೊಟ್ಟರು. ಕಡಿಮೆ ಕಾವಿಗೇ ಒಲಿಯುವ ಗಾಜು ಅದು. ಗಾಜು ಕರಗಿತು, ಆದರೆ ಊದುವುದು ಹೇಗೆ? ಅದನ್ನು ತೋರಿಸಿಕೊಟ್ಟವರು ಲಿಬ್ಬಿ ಕಾರ್ಖಾನೆಯಿಂದ ನಿವೃತ್ತರಾಗಿದ್ದ ಹಾರ್ವೆ ಲೀಫ್‌ಗ್ರೀನ್ ಎಂಬ ಹಿರಿಯ ಕೆಲಸಗಾರ. ಸ್ಟುಡಿಯೊ ಗಾಜಿನ ಚರಿತ್ರೆಯಲ್ಲಿ ಮೊದಲಿಬ್ಬರ ಹೆಸರು ದೊಡ್ಡದಾಗಿ ಬರುತ್ತದೆ. ನನಗೆ ಮೂರನೆಯವರ ಮೇಲೆ ಹೆಚ್ಚು ಪ್ರೀತಿ. ಅವರ ಕೈಯಲ್ಲಿ ಕಾರ್ಖಾನೆಯ ಜೀವಮಾನದ ಹದವಿತ್ತು.

ಕಾರ್ಖಾನೆಯಲ್ಲಿ ಆ ಕೈಗಳು ಅಷ್ಟರಲ್ಲಾಗಲೇ ಬೇಡವಾಗತೊಡಗಿದ್ದವು. 1879ರಲ್ಲಿ ಎಡಿಸನ್ನರ ಮೆನ್ಲೊ ಪಾರ್ಕಿನ ಪ್ರಯೋಗಶಾಲೆಯಲ್ಲಿ ಬಲ್ಬಿನ ಬುರುಡೆಗಳನ್ನು ಊದಿಕೊಟ್ಟವರು ಲುಡ್ವಿಗ್ ಬೋಮ್ ಎಂಬ ಜರ್ಮನ್ ಗಾಜುಗಾರ. ಶಿವನಸಮುದ್ರದ ವಿದ್ಯುತ್ತಿನಿಂದ 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದ ಕಾಲಕ್ಕೂ ಬಲ್ಬಿನ ಗಾಜನ್ನು ಊದುತ್ತಿದ್ದುದು ಬಾಯಿಂದಲೇ. 1926ರಲ್ಲಿ ಕಾರ್ನಿಂಗ್ ಕಂಪನಿಯ ರಿಬ್ಬನ್ ಯಂತ್ರ ನಿಮಿಷಕ್ಕೆ ನೂರಾರು ಬುರುಡೆಗಳನ್ನು ಉದುರಿಸತೊಡಗಿದ ಮೇಲೆ ಆ ಅಧ್ಯಾಯ ಮುಗಿಯಿತು. ಬಲ್ಬಿನಿಂದ ಹೊರಬಿದ್ದ ಉಸಿರು ಈಗ ಬಲ್ಬಿನ ಹೊರಗಿನ ಗಾಜಿನಲ್ಲಿ ಉಳಿದಿದೆ.

ಮತ್ತೆ ಕೊಳವೆಯ ಬಳಿಗೆ ಬರೋಣ. ಊದಿ ಮುಗಿದ ದೀಪವನ್ನು ಕೊಳವೆಯಿಂದ ಬಿಡಿಸಬೇಕು. ಕಂಠದ ಬಳಿ ದೊಡ್ಡ ಚಿಮಟದಂಥ ಉಪಕರಣದಿಂದ ಮೊದಲೇ ಗೆರೆ ಒತ್ತಿರುತ್ತಾರೆ. ಚಿಮಟಕ್ಕೆ ಜೇನುಮೇಣ ಸವರಿದ್ದರೆ ಗಾಜು ಗೀಚುವುದಿಲ್ಲ. ತೆರೆದ ಬಾಯಿಯ ದೀಪವಾದರೆ, ತಳಕ್ಕೆ ಇನ್ನೊಂದು ಕಂಬಿಯನ್ನು ಬಿಸಿಗಾಜಿನ ಚುಕ್ಕೆಯಿಂದ ಅಂಟಿಸಿ, ಕೊಳವೆಯ ಕಡೆಯಿಂದ ಬಿಡಿಸಿ, ಆ ಬದಿಯನ್ನು ಕಾಸಿ ಅರಳಿಸುತ್ತಾರೆ. ಕೊನೆಗೆ ಕಂಬಿ ಕಿತ್ತ ಜಾಗದಲ್ಲಿ ಒಂದು ಒರಟು ಕಲೆ ಉಳಿಯುತ್ತದೆ. ಹೂದಾನಿಯವರು ಅದನ್ನು ಸಾಣೆ ಹಿಡಿದು ಅಳಿಸುತ್ತಾರೆ. ದೀಪದವರು ಅದೇ ಜಾಗದಲ್ಲಿ ವಜ್ರದ ಪುಡಿಯ ಡ್ರಿಲ್ ಇಟ್ಟು ತೂತು ಕೊರೆಯುತ್ತಾರೆ. ವಿದ್ಯುತ್ ತಂತಿ ಇಳಿಯುವುದು ಅಲ್ಲಿಂದಲೇ.

ಆದರೆ ಅದಕ್ಕೂ ಮುಂಚೆ ಗಾಜು ತಣಿಯಬೇಕು. ಬಿಸಿಯಾದ ಲಾಟೀನಿನ ಬುರುಡೆಗೆ ಒಂದು ಹನಿ ನೀರು ಸಿಡಿದರೂ ಚಟ್ ಎಂದು ಬಿರುಕು ಓಡುತ್ತಿದ್ದುದನ್ನು ಹಳಬರೆಲ್ಲ ಕಂಡಿದ್ದಾರೆ. ಹೊಸದಾಗಿ ಊದಿದ ಗಾಜಿಗೆ ಹೊರಗಿನ ಗಾಳಿಯೇ ಆ ಹನಿ ನೀರು. ಹೊರಮೈ ಬೇಗ ಗಟ್ಟಿಯಾಗಿ ನಿಲ್ಲುತ್ತದೆ, ಒಳಗಿನದು ಇನ್ನೂ ಕುಗ್ಗಲು ಹವಣಿಸುತ್ತಿರುತ್ತದೆ, ಆ ಜಗ್ಗಾಟ ಗಾಜಿನೊಳಗೇ ಹೂತುಹೋಗುತ್ತದೆ. ಆದ್ದರಿಂದ ದೀಪವನ್ನು ನೇರವಾಗಿ ಸುಮಾರು 500 ಡಿಗ್ರಿಯಲ್ಲಿ ಕಾಯುತ್ತಿರುವ ಪೆಟ್ಟಿಗೆಯಂಥ ಒಲೆಗೆ ಸೇರಿಸಿ, ಒಳಗೂ ಹೊರಗೂ ಒಂದೇ ಕಾವು ಬರುವವರೆಗೆ ಇಟ್ಟು, ರಾತ್ರಿಯಿಡೀ ಮೆಲ್ಲಮೆಲ್ಲನೆ ಇಳಿಸುತ್ತಾರೆ. ದಪ್ಪ ಹೆಚ್ಚಿದಷ್ಟೂ ಕಾಯುವುದು ಹೆಚ್ಚು. ಪಾಲೊಮಾರ್ ದೂರದರ್ಶಕಕ್ಕೆಂದು 1934ರಲ್ಲಿ ಕಾರ್ನಿಂಗ್‌ನಲ್ಲಿ ಎರಕ ಹೊಯ್ದ 200 ಇಂಚಿನ ಗಾಜಿನ ತಟ್ಟೆಯನ್ನು ಹತ್ತು ತಿಂಗಳು ತಣಿಸಿದರು. ಇಪ್ಪತ್ತು ನಿಮಿಷ ಊದಿದ ತೂಗುದೀಪಕ್ಕೂ ಹತ್ತು ಹನ್ನೆರಡು ಗಂಟೆ ಬೇಕು. ಬಿಸಿ ಗಾಜಿನ ವೀಡಿಯೊಗಳನ್ನು ಎಲ್ಲರೂ ನೋಡುತ್ತಾರೆ. ಮುಚ್ಚಿದ ಬಾಗಿಲ ಹಿಂದೆ ನಡೆಯುವ ಈ ತಣಿಸುವಿಕೆಯನ್ನು ಯಾರೂ ಚಿತ್ರಿಸುವುದಿಲ್ಲ. ದೀಪ ಬದುಕುವುದು ಅಲ್ಲಿ.

ಎಲ್ಇಡಿ ಬಂದ ಮೇಲೆ ಈ ಕಸುಬಿಗೆ ಒಂದು ಉಪಕಾರವಾಗಿದೆ. ಹಳೆಯ ತಂತಿ ಬಲ್ಬು ತಾನು ತಿಂದ ವಿದ್ಯುತ್ತಿನಲ್ಲಿ ನೂರಕ್ಕೆ ಐದು ಪಾಲನ್ನೂ ಬೆಳಕಾಗಿ ಕೊಡುತ್ತಿರಲಿಲ್ಲ, ಉಳಿದದ್ದೆಲ್ಲ ಬಿಸಿ. ಹಾಗಾಗಿ ಗಾಜು ಬಲ್ಬಿನಿಂದ ದೂರವಿರಬೇಕಿತ್ತು, ಗಾಳಿಯಾಡಲು ಮೇಲೆ ಜಾಗ ಬಿಡಬೇಕಿತ್ತು. ಈಗ ಅಂಗೈಯಲ್ಲಿ ಹಿಡಿಸುವ ಪುಟ್ಟ ಗುಳ್ಳೆಯೊಳಗೂ ಬೆಳಕು ಕೂರುತ್ತದೆ. ಆದರೆ ಎಲ್ಇಡಿ ಚುಕ್ಕೆಯ ಬೆಳಕು ತೀರಾ ಹರಿತ. ಅದು ಗಾಜಿನ ಸಣ್ಣ ಏರಿಳಿತವನ್ನೂ ಗೋಡೆಯ ಮೇಲೆ ಗೆರೆಯಾಗಿ ಬರೆದಿಡುತ್ತದೆ. ಊದುವವರು ಇದನ್ನೇ ಒಂದು ಕಲೆಯಾಗಿಸಿಕೊಂಡದ್ದೂ ಉಂಟು. ಏಣುಗಳಿರುವ ಅಚ್ಚಿನಲ್ಲಿ ಗುಳ್ಳೆಯನ್ನು ಒಮ್ಮೆ ಒತ್ತಿ ಆಮೇಲೆ ಹಿಗ್ಗಿಸಿದರೆ, ದೀಪದ ಸುತ್ತ ಸೇವಂತಿಗೆಯ ಎಸಳಿನಂತೆ ಬೆಳಕು ನೆರಳು ಹರಡುತ್ತದೆ.

ಕಷ್ಟವಿರುವುದು ಇಂಧನದಲ್ಲಿ. ಮೂಸೆಯ ಕುಲುಮೆಯನ್ನು ಸಂಜೆ ಆರಿಸಿ ಬೆಳಿಗ್ಗೆ ಹೊತ್ತಿಸುವಂತಿಲ್ಲ. ತಣಿದರೆ ಮೂಸೆ ಸೀಳುತ್ತದೆ, ಮತ್ತೆ ಕಾವಿಗೆ ತರಲು ದಿನಗಳೇ ಬೇಕು. ಭಾನುವಾರವೂ ಹಬ್ಬದ ದಿನವೂ ಅದು ಉರಿಯುತ್ತಿರಬೇಕು. 1291ರಲ್ಲಿ ವೆನಿಸ್ ನಗರ ಬೆಂಕಿಯ ಭಯದಿಂದ ಗಾಜಿನ ಕುಲುಮೆಗಳನ್ನೆಲ್ಲ ಮುರಾನೊ ದ್ವೀಪಕ್ಕೆ ಕಳಿಸಿತು. ಗೊಂಚಲುದೀಪಗಳಿಗೆ ಲೋಕವೆಲ್ಲ ಹೆಸರಾದ ಆ ದ್ವೀಪದಲ್ಲಿ 2022ರಲ್ಲಿ ಅನಿಲದ ಬೆಲೆ ಏರಿ ಎಷ್ಟೋ ಕುಲುಮೆಗಳು ಆರಿದವು. 2023ರ ಡಿಸೆಂಬರಿನಲ್ಲಿ ಯುನೆಸ್ಕೊ, ಯುರೋಪಿನ ಆರು ದೇಶಗಳ ಕೈಗಾಜಿನ ಕಸುಬನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಗೌರವ ಒಳ್ಳೆಯದೇ. ಅದರಿಂದ ಅನಿಲದ ಬಿಲ್ಲು ಇಳಿಯುವುದಿಲ್ಲ.

ನಮ್ಮ ದೇಶದಲ್ಲಿ ಈ ಉಸಿರು ಹೆಚ್ಚಾಗಿ ನಡೆಯುವುದು ಉತ್ತರ ಪ್ರದೇಶದ ಫಿರೋಜಾಬಾದಿನಲ್ಲಿ. ಬಳೆಗಾರರ ಮಲಾರದಲ್ಲಿ ನಾವು ಕಂಡ ಗಾಜಿನ ಬಳೆಗಳ ಊರು ಅದು. ಲಾಂದ್ರದ ಬುರುಡೆ, ಹಂಡಿ ದೀಪ, ಅಂಗಡಿಗಳಲ್ಲಿ ಹೆಸರಿಲ್ಲದೆ ಸಿಗುವ ಎಷ್ಟೋ ದೀಪದ ಗಾಜುಗಳೂ ಅಲ್ಲಿಯವೇ. ತಾಜಮಹಲಿನ ಅಮೃತಶಿಲೆಯನ್ನು ಉಳಿಸಲು ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 30ರಂದು ಕೊಟ್ಟ ತೀರ್ಪಿನ ನಂತರ ಅಲ್ಲಿನ ಕುಲುಮೆಗಳು ಕಲ್ಲಿದ್ದಲು ಬಿಟ್ಟು ನೈಸರ್ಗಿಕ ಅನಿಲಕ್ಕೆ ಬಂದವು. ಅಲ್ಲಿ ಕೊಳವೆ ಹಿಡಿದವರ ಮುಂದೆಯೂ ಅದೇ ಕಾವು, ಅದೇ ಅರ್ಧ ನಿಮಿಷ. ಯುರೋಪಿನ ಸ್ಟುಡಿಯೊ ದೀಪದ ತಳದಲ್ಲಿ ಮಾಡಿದವರ ಸಹಿ ಕೊರೆದಿರುತ್ತದೆ, ಬೆಲೆಯೂ ಆ ಸಹಿಗೆ ತಕ್ಕಂತೆ. ಫಿರೋಜಾಬಾದಿನವರ ದೀಪದಲ್ಲಿ ಹೆಸರಿಲ್ಲ. ಊದಿದ ಎದೆಗಳಲ್ಲಿ ನನಗಂತೂ ವ್ಯತ್ಯಾಸ ಕಾಣುವುದಿಲ್ಲ. ಕೈಯಿಂದ ಮಾಡಿದ ವಸ್ತುವಿಗೆ ಹೆಚ್ಚು ಬೆಲೆ ಕೊಡಲು ಸಿದ್ಧರಿರುವ ನಾವು, ಆ ಕೈ ಯಾರದೆಂದು ಕೇಳುವ ಅಭ್ಯಾಸವನ್ನು ನಮ್ಮೂರ ಅಂಗಡಿಯಿಂದಲೇ ಶುರುಮಾಡಬೇಕು.

ಸ್ಟುಡಿಯೊದಲ್ಲಿ ಕೊನೆಯ ಕೆಲಸ ನಡೆಯುವುದು ಒಂದು ಕೊಕ್ಕೆಯ ಕೆಳಗೆ. ಕಂಠವನ್ನು ಕೊಯ್ದು, ಅಂಚನ್ನು ನೀರು ಸುರಿಯುವ ಸಾಣೆಯಲ್ಲಿ ಸಮ ಮಾಡಿ, ಲೋಹಕ್ಕೂ ಗಾಜಿಗೂ ನಡುವೆ ಮೆತ್ತನೆಯ ಬಳೆಯೊಂದನ್ನಿಟ್ಟು ಹೋಲ್ಡರ್ ಕೂರಿಸುತ್ತಾರೆ. ಭಾರವನ್ನು ಹೊರುವುದು ಉಕ್ಕಿನ ತಂತಿ; ವಿದ್ಯುತ್ ತಂತಿಯ ಮೇಲೆ ಅದು ಬೀಳಕೂಡದು. ಒಂದೇ ಸಾಲಿನಲ್ಲಿ ತೂಗುವ ಮೂರು ದೀಪ ಬೇಕೆಂದು ಯಾರಾದರೂ ಹೇಳಿದ್ದರೆ ಐದಾರು ಊದಿರುತ್ತಾರೆ, ಏಕೆಂದರೆ ಎರಡು ಉಸಿರು ಒಂದೇ ಅಳತೆಗೆ ಬರುವುದಿಲ್ಲ. ಆಮೇಲೆ ಕೋಣೆಯ ಕಿಟಕಿ ಮುಚ್ಚಿ, ಒಂದೊಂದನ್ನೇ ಕೊಕ್ಕೆಗೆ ತೂಗಿಸಿ, ಸ್ವಿಚ್ ಹಾಕುತ್ತಾರೆ. ಆ ಹೊತ್ತಿನಲ್ಲಿ ಮಾಡಿದವರು ದೀಪವನ್ನು ನೋಡುವುದಿಲ್ಲ, ಗೋಡೆಯ ಕಡೆ ತಿರುಗಿ ನಿಲ್ಲುತ್ತಾರೆ. ಅಲ್ಲಿ ಹಗ್ಗದಂಥ ಗೆರೆಯೋ, ಬೊಟ್ಟಿನಷ್ಟು ನೆರಳೋ ಬಿದ್ದಿದ್ದರೆ ಅದನ್ನು ಇಳಿಸಿ ಪಕ್ಕಕ್ಕಿಡುತ್ತಾರೆ. ಪಕ್ಕಕ್ಕಿಟ್ಟದ್ದನ್ನು ಮತ್ತೆ ಕರಗಿಸೋಣವೆಂದರೆ, ಬಣ್ಣ ಸೇರಿದ ಗಾಜನ್ನು ತಿಳಿಗಾಜಿನ ಮೂಸೆಗೆ ಹಾಕುವಂತೆಯೂ ಇಲ್ಲ. ಆಮೇಲೆ ಮುಂದಿನ ದೀಪ ಕೊಕ್ಕೆಗೆ ಏರುತ್ತದೆ.